ಮಾಸ್ಕ್ ತೆಗೆಯದೆ ತೆರೆಯುವ ಡಬ್ಬಿ

ಆ ಹುಡುಗಿ ಮಾಸ್ಕ್ ತೆಗೆದಳು. ನಾನು ಕಿರುಚಿದೆ. ಎರಡರಲ್ಲಿ ಯಾವುದು ಮೊದಲು ಆಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ‘ಪಟ್’ ಅಂತ ಒಂದು ಸದ್ದು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಳು. ಬೆರಳ ಸಂದಿಯಿಂದ ಕಿತ್ತಳೆ ಬಣ್ಣ ಇಳಿಯುತ್ತಿತ್ತು.

ಅದು ಬಣ್ಣ ಅಂತ ನನಗೆ ಗೊತ್ತು. ಆದರೂ ‘ರಕ್ತ’ ಅಂತಲೇ ಕೂಗಿದೆ.

ಪ್ರತಿವಾರ ಈ ಅಂಕಣದಲ್ಲಿ ನನ್ನನ್ನು ಸಹಿಸಿಕೊಳ್ಳೋ ನಿಮಗೆ ನಾನೆಂಥ ಪುಕ್ಕಲಿ ಅಂತ ಚೆನ್ನಾಗೇ ಗೊತ್ತು. (ಗ್ಯಾಸ್ ಆಫ್ ಮಾಡಿದ್ದೀನಾ ಅಂತ ನೋಡೋಕೆ ಅರ್ಧ ದಾರಿಯಿಂದ ವಾಪಸ್ ಬಂದಿದ್ದು ಒಂದು ಸಲವಾ?) ಅಂಥವಳ ಗಂಡ ಪೇಂಟ್‌ಬಾಲ್ ಗ್ರೌಂಡ್ ತೆಗೀಬೇಕಾ?

ತೆಗೆದರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಪರ್ಚೇಸ್ ವಿಭಾಗ ನೋಡಿಕೊಂಡಿದ್ದ ನಮ್ಮ ಯಜಮಾನರು, ಆ ಯೂನಿಟ್ ಮುಚ್ಚಿದ ಮೇಲೆ ಮಾಕಳಿ ಹತ್ತಿರ ಒಂದು ತೋಪು ಬಾಡಿಗೆಗೆ ಹಿಡಿದರು. ಸುತ್ತ ಬಲೆ ಕಟ್ಟಿಸಿದರು, ಒಳಗೆ ಹಳೇ ಡ್ರಮ್ಮು, ಟೈರು, ಮರಳಿನ ಮೂಟೆ ಇಡಿಸಿದರು. ಐಟಿ ಕಂಪನಿಯವರು ಟೀಮ್ ಔಟಿಂಗ್ ಅಂತ ಬರೋದು, ಎರಡು ಗುಂಪಾಗಿ ಬಣ್ಣದ ಗುಂಡು ಹೊಡೆದಾಡಿಕೊಳ್ಳೋದು, ಬಿರಿಯಾನಿ ತಿಂದು ಹೋಗೋದು. ಜಮೀನಿನ ಮಾಲೀಕರು ಮುನಿವೆಂಕಟಪ್ಪ ಮೊದಲ ದಿನ ಬಲೆಯಾಚೆ ನಿಂತು ನೋಡಿ ನನ್ನನ್ನು ಕೇಳಿದರು: “ಅಲ್ಲಕ್ಕಾ, ಕಾಸ್ ಕೊಟ್ಟು ಒಡಿಸ್ಕಳಕ್ಕೆ ಬತ್ತಾರಾ ಇವ್ರು?”

ವಾರದ ಐದು ದಿನ ನಾನು ಬರೆಯೋದು, ಶನಿವಾರ ಭಾನುವಾರ ಗೇಟಲ್ಲಿ ಕೂತು ಮಾಸ್ಕ್ ಕೊಡೋದು. “ಒಳಗೆ ಏನೇ ಆದ್ರೂ ಮಾಸ್ಕ್ ತೆಗೀಬೇಡಿ” ಅಂತ ಒಬ್ಬೊಬ್ಬರಿಗೂ ಮೂರು ಮೂರು ಸಲ ಹೇಳ್ತೀನಿ. ನಾಲ್ಕನೇ ಸಲ ಹೇಳಿದ್ರೆ ಅವರು ನಗ್ತಾರೆ. ನಗಲಿ.

ಈಗ ಡಬ್ಬಿ ವಿಷಯ. ಪೇಂಟ್‌ಬಾಲ್ ಗನ್ ತಲೆ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಕೂರುತ್ತೆ. ಲೋಡರ್ ಅಂತಾರೆ. ಬಣ್ಣದ ಗುಂಡುಗಳೆಲ್ಲ ಅದರೊಳಗೆ. ಅಲ್ಲಿಂದ ಒಂದೊಂದಾಗಿ ಗನ್ನಿಗೆ ಇಳೀತವೆ. ಇದರಲ್ಲಿ ಎರಡು ಜಾತಿ. ಒಂದು, ಬರೀ ಡಬ್ಬಿ ಮತ್ತು ಮುಚ್ಚಳ. ಗುಂಡು ತನ್ನ ಭಾರಕ್ಕೆ ತಾನೇ ಬೀಳುತ್ತೆ. ಇನ್ನೊಂದು, ಬ್ಯಾಟರಿ, ಮೋಟಾರು, ಒಳಗೆ ತಿರುಗೋ ರೆಕ್ಕೆ. ಅದು ಗುಂಡನ್ನು ತಳ್ಳಿ ತಳ್ಳಿ ಕೊಡುತ್ತೆ.

ನಮ್ಮವರು ಮೊದಲನೇದೇ ಸಾಕು ಅಂದಿದ್ದರು. ಬ್ಯಾಟರಿದೇ ಬೇಕು ಅಂತ ಹಟ ಮಾಡಿದವಳು ನಾನು. ನೀಲಿ ಲೈಟು ಮಿಣುಕುತ್ತೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಎಲೆಕ್ಟ್ರಾನಿಕ್ ಸಿಟಿಯಿಂದ ಬರೋರು ಇಂಪ್ರೆಸ್ ಆಗಬೇಡ್ವಾ? “ಇಷ್ಟು ದೂರ ಬರೋರಿಗೆ ಬರೀ ಪ್ಲಾಸ್ಟಿಕ್ ಡಬ್ಬಿ ಕೊಡೋಕಾಗುತ್ತಾ ರೀ?” ಅಂದಿದ್ದೆ. ನನ್ನ ಮಾತು ನಡೀತು. ನಡೆಯಬಾರದಿತ್ತು.

ಗನ್ನುಗಳನ್ನು ತೊಳೆದು, ಒರೆಸಿ, ಜೋಡಿಸೋದು ಶಾಂತವ್ವ. ಬಾಗಲಕೋಟೆ ಕಡೆಯವರು, ರಾಜಗೋಪಾಲನಗರದಲ್ಲಿ ಬಾಡಿಗೆ ರೂಮು. ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ ಕೈ. ಡಬ್ಬಿಗಳು ಬಂದ ದಿನವೇ ಒಂದನ್ನು ಬಿಚ್ಚಿ ನೋಡಿ ಕೇಳಿದ್ದರು:

“ಅಕ್ಕಾರ, ಇದರಾಗ ಮೋಟ್ರು ಯಾಕ ಬೇಕ್ರಿ? ಮ್ಯಾಲಿಂದ ಹಾಕಿದ್ರ ಕೆಳಗ ತಾನ ಬೀಳ್ತೈತಲ್ರಿ.”

ನಾನು ಬ್ಯಾಟರಿ ಹಾಕಿ ನೀಲಿ ಲೈಟು ತೋರಿಸಿದ್ದೆ.

ಆ ಹುಡುಗಿ ಮಾಸ್ಕ್ ತೆಗೆದ ಶನಿವಾರ ಬೆಳಿಗ್ಗೆ ಥಂಡಿ ಹವಾ. ತೇವ ಜಾಸ್ತಿಯಾದರೆ ಗುಂಡುಗಳು ಸ್ವಲ್ಪ ಉಬ್ಬುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಮೋಟಾರು ತಳ್ಳಿದರೆ ಒಳಗೇ ಒಡೆದು ರಾಡಿ. ಶಾಂತವ್ವ ಗೇಟಿಗೆ ಬಂದು ಹೇಳಿದರು: “ಎರಡು ಡಬ್ಬಿ ಕುಂಯ್ ಅನ್ನಾಕತ್ತಾವ್ರಿ ಅಕ್ಕಾರ. ಬಾಜೂಕ ಇಡ್ಲೇನ್ರಿ?”

ಗೇಟಲ್ಲಿ ಮೂವತ್ತು ಜನ ಬಸ್ಸಿಂದ ಇಳೀತಾ ಇದ್ದರು. ಎರಡು ಪಕ್ಕಕ್ಕಿಟ್ಟರೆ ಗನ್ನು ಕಮ್ಮಿ ಬೀಳುತ್ತೆ. “ಇವತ್ತೊಂದಿನ ನಡೆಯುತ್ತೆ ಬಿಡಿ ಶಾಂತವ್ವ” ಅಂದೆ.

ಅಂದೆ.

ಆ ಎರಡರಲ್ಲಿ ಒಂದು ಸ್ಮಿತಾ ಕೈಗೆ ಹೋಯ್ತು. ಬಸ್ಸಲ್ಲಿ ಬಂದ ಐಟಿ ಕಂಪನಿಯ ಟೆಸ್ಟಿಂಗ್ ಟೀಮಿನ ಹುಡುಗಿ, ಇಪ್ಪತ್ತೈದು ಇರಬಹುದು. ಆಟದ ಮಧ್ಯೆ ಡಬ್ಬಿ ನಿಂತುಹೋಯ್ತು. ಅಲ್ಲಾಡಿಸಿದಳು. ಇಲ್ಲ. ಮುಚ್ಚಳ ತೆಗೆದು ನೋಡಿದಳು. ಒಳಗೆಲ್ಲ ಬಣ್ಣ, ಗುಂಡು ಎಲ್ಲಿ ಸಿಕ್ಕಿದೆ ಅಂತ ಕಾಣಲಿಲ್ಲ. ಮಾಸ್ಕಿನ ಗಾಜೂ ಉಸಿರಿಗೆ ಮಬ್ಬಾಗಿತ್ತು. ಸರಿ, ಯಾರಾದ್ರೂ ಏನು ಮಾಡ್ತಾರೆ? ಕನ್ನಡಕ ಎತ್ತಿದಂಗೆ ಮಾಸ್ಕ್ ಎತ್ತಿದಳು. ಡ್ರಮ್ಮಿನ ಹಿಂದೆ ಬಗ್ಗಿದ್ದ ಅವಳ ಆಫೀಸಿನವನೊಬ್ಬ ಅದೇ ಕ್ಷಣಕ್ಕೆ ಎದ್ದು ಹೊಡೆದ.

ನಮ್ಮವರು ಸೀಟಿ ಊದಿ ಆಟ ನಿಲ್ಲಿಸಿದರು. ನಾನು ಅವಳನ್ನು ಕಾರಲ್ಲಿ ಕೂರಿಸಿಕೊಂಡು ತುಮಕೂರು ರೋಡಿಗೆ ಇಳಿದೆ. ಮಾದನಾಯಕನಹಳ್ಳಿ ಹತ್ತಿರ ಕಂಟೇನರ್ ಲಾರಿಗಳು ಸಾಲಾಗಿ ನಿಂತಿವೆ. ಹಾರ್ನ್ ಹೊಡೆದೆ. ಲಾರಿ ಹಾರುತ್ತಾ?

ಸ್ಮಿತಾ ಬಲಗಣ್ಣಿನ ಮೇಲೆ ಒದ್ದೆ ಟವೆಲ್ ಹಿಡಿದಿದ್ದಳು.

“ಕಣ್ಣು ಬಿಡೋಕಾಗುತ್ತೇನಮ್ಮಾ?”

“ಗೊತ್ತಿಲ್ಲ ಆಂಟಿ. ಭಯ ಆಗ್ತಿದೆ. ಬಿಟ್ಟು ನೋಡಿಲ್ಲ.”

ಅಷ್ಟರಲ್ಲಿ ಅವಳ ಫೋನು. ಅಮ್ಮ. “ಹೂಂ ಅಮ್ಮ, ಊಟ ಆಯ್ತು. ಸಕ್ಕತ್ತಾಗಿದೆ ಇಲ್ಲಿ. ಆಮೇಲೆ ಮಾಡ್ತೀನಿ” ಅಂದಳು, ಏನೂ ಆಗದವಳ ಹಾಗೆ. ಫೋನ್ ಇಟ್ಟು ಟವೆಲ್ ಮಡಚಿ ಮತ್ತೆ ಕಣ್ಣಿಗೆ ಹಿಡಿದಳು. ನಾನು ಮತ್ತೆ ಹಾರ್ನ್ ಹೊಡೆದೆ.

ಕಣ್ಣಾಸ್ಪತ್ರೆಯಲ್ಲಿ ಮುಕ್ಕಾಲು ಗಂಟೆ ಕಾದೆ. ಗೋಡೆ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯೋ ಅಕ್ಷರಗಳ ಬೋರ್ಡು. ಎಷ್ಟು ಸಲ ಓದಿದೆನೋ. ಈ ಹುಡುಗಿ ಬೆಳಗಿಂದ ಸಂಜೆವರೆಗೂ ಸ್ಕ್ರೀನ್ ನೋಡಿ ಬದುಕೋಳು. ಅವಳಿಗೆ ಕೊನೇ ಸಾಲು ಕಾಣದಿದ್ದರೆ ಅವಳ ಅಮ್ಮನಿಗೆ ನಾನು ಏನಂತ ಹೇಳಲಿ? ನೀಲಿ ಲೈಟು ಚೆನ್ನಾಗಿತ್ತು ಅಂತಲಾ?

ಡಾಕ್ಟರು ಹೊರಗೆ ಬಂದರು. “ಹುಬ್ಬಿನ ಮೂಳೆ ಮೇಲೆ ಬಿದ್ದಿದೆ. ಊತ ಇಳಿಯುತ್ತೆ, ಕಣ್ಣಿಗೇನೂ ಆಗಿಲ್ಲ. ಅರ್ಧ ಇಂಚು ಕೆಳಗೆ ಬಿದ್ದಿದ್ರೆ...” ಅಂತ ಚೀಟಿ ನನ್ನ ಕೈಗಿಟ್ಟರು.

ವಾಪಸ್ ಬರೋವಾಗ ಸ್ಮಿತಾ ಹಗುರಾಗಿದ್ದಳು. “ಆಂಟಿ, ನಾನು ಔಟಾ?” ಅಂತ ನಕ್ಕಳು ಕೂಡ. ನಾನೂ ನಕ್ಕು ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ತಪ್ಪು ಅವಳದೇ ಅಂತ ಅವಳೇ ಒಪ್ಪಿಕೊಂಡಿದ್ದಳಲ್ಲ, “ನಾನೇ ಮಾಸ್ಕ್ ತೆಗೀಬಾರದಿತ್ತು, ಸಾರಿ” ಅಂತ ಎರಡು ಸಲ. ಎರಡನೇ ಸಲ ತಡೀಲಾಗಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ.

“ಆ ಡಬ್ಬಿ ಸರಿ ಇಲ್ಲ ಅಂತ ಬೆಳಿಗ್ಗೆನೇ ನನಗೆ ಹೇಳಿದ್ರು ಕಣಮ್ಮ. ನಾನೇ ನಡೆಯುತ್ತೆ ಅಂದೆ.”

ಪರವಾಗಿಲ್ಲ ಆಂಟಿ ಅಂತಾಳೆ ಅಂತ ನಾನು ಕಾಯ್ತಿದ್ದೆ. (ನಾಚಿಕೆಗೇಡು, ಆದ್ರೂ ಕಾಯ್ತಿದ್ದೆ.) ಅವಳು ಹಾಗನ್ನಲಿಲ್ಲ.

“ಇದನ್ನ ನಮಗೆ ಬೆಳಿಗ್ಗೆ ಹೇಳ್ಬೇಕಿತ್ತು.”

ಅಷ್ಟೇ. ಸರಿಯಾಗೇ ಹೇಳಿದಳು.

ಸೋಮವಾರ ನಾನು ಶಾಂತವ್ವನನ್ನು ಕರೆದುಕೊಂಡು ಸಿಟಿಯ ಡೀಲರ್ ಅಂಗಡಿಗೆ ಹೋದೆ. “ನೀವೇ ಆರಿಸಿ” ಅಂದೆ. ಸೇಲ್ಸ್‌ಮನ್ ಹೊಸ ಮಾಡೆಲ್ ತೆಗೆದ. ಒಂದು ಸೆಕೆಂಡಿಗೆ ಇಷ್ಟು ಗುಂಡು, ಅಷ್ಟು ಸ್ಪೀಡು. ಶಾಂತವ್ವ ಅವನ ಮಾತು ಪೂರ್ತಿ ಕೇಳಿಸಿಕೊಂಡು, “ಮೊದ್ಲ ಒಂದು ಮಾಸ್ಕ್ ಕೊಡ್ರಿ” ಅಂದರು.

ಅಂಗಡಿ ಮಧ್ಯೆ, ಸೀರೆ ಉಟ್ಟ ಶಾಂತವ್ವನ ಮುಖಕ್ಕೆ ಪೇಂಟ್‌ಬಾಲ್ ಮಾಸ್ಕ್. ಕೈಗೆ ಗ್ಲೌಸು. ಮುಖ ಸೀಲಿಂಗ್ ಕಡೆ ಎತ್ತಿ, ಕೆಳಗೆ ನೋಡದೇನೇ ಒಂದೊಂದೇ ಡಬ್ಬಿ ತೆರೆದರು, ತಲೆಕೆಳಗು ಮಾಡಿ ಗುಂಡು ಸುರಿದರು, ಮುಚ್ಚಿದರು. ಯಾವುದಕ್ಕೆ ಬೆರಳು ತಡಕಾಡಿತೋ ಅದು ಪಕ್ಕಕ್ಕೆ. ಅಲ್ಲಿದ್ದ ಇಬ್ಬರು ಗಿರಾಕಿಗಳು ಮುಸಿಮುಸಿ ನಗ್ತಿದ್ದರು. ನನಗೆ ನಗು ಬರಲಿಲ್ಲ.

ಕೊನೆಗೆ ಉಳಿದದ್ದು ಒಂದೇ. ಒಳಗಿದ್ದದ್ದೆಲ್ಲ ಹೊರಗಿಂದಲೇ ಕಾಣೋ ಪ್ಲಾಸ್ಟಿಕ್ ಡಬ್ಬಿ, ಹೆಬ್ಬೆರಳಿಗೆ ತೆರೆಯೋ ಒಂದು ಮುಚ್ಚಳ. ಬ್ಯಾಟರಿ ಇಲ್ಲ, ಸ್ಕ್ರೂ ಇಲ್ಲ, ನಲ್ಲಿ ಕೆಳಗೆ ಹಿಡಿದರೆ ಕ್ಲೀನ್.

“ಮೇಡಂ, ಅದು ಬಿಗಿನರ್ಸ್‌ಗೆ” ಅಂದ ಸೇಲ್ಸ್‌ಮನ್.

“ನಮ್ಮಲ್ಲಿಗ ಬರೋರೆಲ್ಲಾ ಮೊದಲ್ನೇ ಸಲಾನ ಬರೋರು” ಅಂದರು ಶಾಂತವ್ವ, ಮಾಸ್ಕಿನ ಒಳಗಿಂದ.

ಮೋಟಾರಿನ ಡಬ್ಬಿಗಳನ್ನೆಲ್ಲ ಮೂಟೆ ಕಟ್ಟಿ ಶೆಡ್ಡಿಗೆ ಹಾಕಿದ್ದೀವಿ. ಮೂಟೆಯ ಬಾಯಿ ಕಟ್ಟಿದ್ದು ನಮ್ಮವರೇ.

ಆವತ್ತು ಅರ್ಧಕ್ಕೆ ನಿಂತ ಆಟ ಮುಗಿಸೋಕೆ ಹೋದ ಶನಿವಾರ ಅದೇ ಕಂಪನಿಯವರು ಮತ್ತೆ ಬಂದಿದ್ದರು. ಸ್ಮಿತಾನೂ ಬಂದಿದ್ದಳು, ಆಡೋಕಲ್ಲ. ಬಲೆಯಾಚೆ ನನ್ನ ಪಕ್ಕ ನಿಂತಳು. ಹುಬ್ಬಿನ ಮೇಲೆ ತೆಳ್ಳಗೆ ಹಳದಿ ಕಲೆ ಇನ್ನೂ ಇತ್ತು. ಒಳಗೆ ಒಬ್ಬನ ಗನ್ನು ನಿಂತಿತು. ನಾನು ಬಲೆ ಹಿಡಿದುಕೊಂಡೆ. ಅವನು ಡಬ್ಬಿಯನ್ನು ಪಕ್ಕದಿಂದಲೇ ಒಂದು ಸಲ ನೋಡಿದ, ಜೋರಾಗಿ ಅಲ್ಲಾಡಿಸಿದ. ಗುಂಡು ಇಳೀತು. ಮಾಸ್ಕ್ ಇದ್ದಲ್ಲೇ ಇತ್ತು. ಸ್ಮಿತಾ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಮಿಕ್ಸಿ, ಗೀಸರ್, ಬೈಕು, ಫೋನು, ಏನು ತಗೊಳ್ಳೋಕೆ ಹೋದರೂ ನಾವು ಎಷ್ಟು ಸ್ಪೀಡು, ಯಾವ ಕಲರು, ಎಷ್ಟು ವರ್ಷ ವಾರಂಟಿ ಅಂತ ಕೇಳ್ತೀವಿ. ಇದು ಕೆಟ್ಟು ನಿಂತಾಗ ಒಳಗೆ ಇಣುಕಿ ನೋಡೋ ಮುಖ ಯಾರದು ಅಂತ ಯಾವತ್ತಾದ್ರೂ ಕೇಳಿದ್ದೀವಾ?