ಹೊಳಿತನಕ ಸುಂದ್ರವ್ವನ ಹಾದಿ

ನಾನು ಸುಂದ್ರವ್ವನನ್ನು ಮೊದಲ ಸಲ ಕಂಡಾಗ ಆಕೆ ಒಂದು ಕಲ್ಲಿನ ಜೊತೆ ಜಗಳವಾಡುತ್ತಿದ್ದಳು.

"ನಿನ್ನಿ ಇಲ್ಲೇ ಕುಂದರಿಸಿ ಹೋಗೇನಿ. ಅಡ್ಡಾಡಾಕ ಹೋಗಿದ್ದೇನು? ಮೈಯಾಗ ಸೊಕ್ಕೈತಿ ನಿನಗ."

ಕಾಲಿನಿಂದ ಒದ್ದು, ಕೈಯಿಂದ ತಳ್ಳಿ, ಅದನ್ನು ಹಾದಿಯ ಅಂಚಿಗೆ ತಂದು ಕೂಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಪರಿಚಯವೇ ಇಲ್ಲದವಳಿಗೆ, "ಬಾಯಾರ, ಕೂಸಿನ ತಲಿಗಿ ಬಿಸಲ ಬೀಳಾಕತ್ತೈತಿ, ಸೆರಗ ಎಳೀರಿ" ಅಂದಳು. ಕನ್ನಡದಲ್ಲೇ ಅಂದಳು. ನನ್ನ ಸೀರೆ ಉಟ್ಟ ರೀತಿ ನೋಡಿಯೇ ನಾನು ಧಾರವಾಡದ ಕಡೆಯವಳೆಂದು ಗೊತ್ತು ಮಾಡಿಕೊಂಡಿದ್ದಳಂತೆ.

ಅದು ಎಪ್ಪತ್ಮೂರನೆಯ ಇಸವಿಯ ಜನವರಿ. ಮಗಳಿಗೆ ಆಗ ಐದು ತಿಂಗಳು. ಹೆರಿಗೆಯಾದ ಮೇಲೆ ನನ್ನ ಸೊಂಟ ನನ್ನದಲ್ಲವೆಂಬಂತಾಗಿತ್ತು. ದಿನಾ ಬೆಳಗ್ಗೆ ಒಂದೆರಡು ಮೈಲಿ ನಡೆಯಬೇಕೆಂದು ಡಾಕ್ಟರ್‌ಬಾಯಿ ಹೇಳಿದ್ದರು. ಬೋರಿವಲಿಯ ನಮ್ಮ ಚಾಳಿನ ಮುಂದೆ ನಡೆಯುವುದೆಂದರೆ ಎಮ್ಮೆಗಳ ತಬೇಲಾ ಒಂದು ಕಡೆ, ನಲ್ಲಿಯ ಸಾಲು ಇನ್ನೊಂದು ಕಡೆ. ಇವರೇ ಹೇಳಿದರು: "ದಾದರ್, ಮಾಟುಂಗಾದಿಂದ ಜನ ರವಿವಾರ ಲೋಕಲ್ ಹಿಡಿದು ಇಲ್ಲಿಯ ನದಿದಂಡೆಗೆ ನಡೀಲಿಕ್ಕೆ ಬರ್ತಾರೆ. ನಾವು ಮಗ್ಗುಲಲ್ಲೇ ಇದ್ದೂ ನೋಡಿಲ್ಲ." ಹಾಗೆ ಇವರನ್ನು ಏಳೂ ಐವತ್ತೆರಡರ ಲೋಕಲ್ಲಿಗೆ ಕಳಿಸಿ, ನೀರು ತುಂಬಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗತೊಡಗಿದೆ. ಸುಮ್ಮನೆ ಹೇಳಬಾರದು, ಮೊದಲ ವಾರ ಒಂದು ದಿನವೂ ಮನಸ್ಸಿನಿಂದ ಹೋಗಲಿಲ್ಲ. ಒಂದು ಗಂಟೆ ಮಲಗಲು ಬಿಟ್ಟಿದ್ದರೆ ಸಾಕಿತ್ತು.

ಹಾದಿ ಮಾತ್ರ ಚೆಂದ. ಡಾಂಬರು ರಸ್ತೆ ಮುಗಿದಲ್ಲಿ ಒಂದು ತಗಡಿನ ಖೋಲಿ, ಒಂದೇ ಕೋಣೆಯ ಮನೆ. ಅಲ್ಲಿಂದ ಕೆಂಪು ಮಣ್ಣಿನ ಕಾಲುದಾರಿ ಸಾಗವಾನಿ ಮರಗಳ ನಡುವೆ ಏರುತ್ತ ಇಳಿಯುತ್ತ ಹೋಗುತ್ತದೆ. ದಹಿಸರ ನದಿ ಉದ್ದಕ್ಕೂ ಎಡಗಡೆ ಕೆಳಗೆ ಇರುತ್ತದೆ, ಆದರೆ ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಒಂದೂವರೆ ಮೈಲಿ ನಡೆದ ಮೇಲೆ ಹಾದಿ ತಟ್ಟನೆ ಇಳಿದು ನೀರಿನ ಅಂಚಿಗೆ ಹೋಗಿ ನಿಲ್ಲುತ್ತದೆ. ಕರಿಬಂಡೆಗಳು, ನಡುವೆ ತಿಳಿನೀರು, ಆಚೆ ದಂಡೆಗೆ ದಾಟಲು ಸಾಲಾಗಿ ಇಟ್ಟ ಕಲ್ಲುಗಳು. ಅಲ್ಲಿ ಕೂತರೆ ಮುಂಬಯಿ ಇದೆಯೆಂಬುದಕ್ಕೆ ದೂರದ ರೈಲಿನ ಸೀಟಿಯೊಂದೇ ಸಾಕ್ಷಿ. ಸುಂದ್ರವ್ವನಿಗೆ ಆ ಜಾಗ ಮಾತ್ರ 'ಹೊಳಿ'. ಉಳಿದದ್ದೆಲ್ಲ 'ಹಾದಿ'.

ಆ ಹಾದಿಯನ್ನು ಕಾಯುವುದು ಆಕೆಯ ಕೆಲಸ. ಚಳಿಗಾಲದಿಂದ ಸಾಗವಾನಿ ಎಲೆ ಉದುರುತ್ತದೆ, ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಇಳಿಜಾರಿನಲ್ಲಿ ಅದರ ಮೇಲೆ ಕಾಲಿಟ್ಟರೆ ಸೀದಾ ಕೆಳಗೆ. ಅದಕ್ಕೇ ದಿನಾ ಗುಡಿಸಬೇಕು, ಜಾರಿದ ಕಲ್ಲು ಮತ್ತೆ ಕೂಡಿಸಬೇಕು, ಮಳೆ ಕೊರೆದ ಗುಂಡಿಗೆ ಮಣ್ಣು ತುಂಬಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಹಿಂದೆ ಮತ್ತೆ ಎಲೆ ಬಿದ್ದಿರುತ್ತಿತ್ತು. "ನನ್ನ ಬಾಳೇ ಹಿಂಗ ನೋಡ್ರಿ, ಹಿಂದ ತಿರಗಿ ನೋಡಿದ್ರ ಏನೂ ಮಾಡೇ ಇಲ್ಲ" ಎಂದು ನಗುತ್ತಿದ್ದಳು. ನನ್ನ ಮನೆಯ ಬಟ್ಟೆ, ಪಾತ್ರೆ ನೆನಪಾಗಿ ನಾನೂ ನಗುತ್ತಿದ್ದೆ.

ಆಕೆಯ ಊರು ವಿಜಾಪುರ ಜಿಲ್ಲೆಯ ಇಂಡಿ ತಾಲೂಕು. ಗಂಡ ಚಂದ್ರಾಮನ ಜೊತೆ ಅರವತ್ತೇಳರಲ್ಲಿ ಬಂದವಳು ಐದು ವರ್ಷ ಕಲ್ಲುಗಣಿಯಲ್ಲಿ ಬುಟ್ಟಿ ಹೊತ್ತಿದ್ದಳು. ನೆತ್ತಿಯ ಮೇಲೆ ಒಂದು ರೂಪಾಯಿಯಗಲ ಕೂದಲೇ ಇರಲಿಲ್ಲ. ನನ್ನ ಮಗಳು ಅಲ್ಲಿ ಕೈಯಿಟ್ಟು ಆಡುತ್ತಿದ್ದಳು. ಚಂದ್ರಾಮ ಕಲ್ಲು ಒಡೆಯುತ್ತಿದ್ದ. ಒಡೆದ ಕಲ್ಲಿನ ಧೂಳು ಎದೆಯಲ್ಲಿ ಕೂತು, ಹತ್ತು ಹೆಜ್ಜೆ ನಡೆದರೆ ನಿಲ್ಲಬೇಕಾಗುತ್ತಿತ್ತು. ಆ ಹೊತ್ತಿಗೆ ಬೋರಿವಲಿಯ ಕೆಲವು ಹಿರಿಯರು ಕೂಡಿ ಕಟ್ಟಿದ್ದ ಪದಭ್ರಮಣ ಮಂಡಳವೆಂಬ ನಡಿಗೆಯ ಸಂಘದವರಿಗೆ ಹಾದಿ ನೋಡಿಕೊಳ್ಳಲು ಜನ ಬೇಕಾಗಿತ್ತು. ಕೆಲಸದ ಜೊತೆಗೆ ತಗಡಿನ ಖೋಲಿಯೂ ಇತ್ತು. ಮಳೆ ನಿಂತ ಮೇಲೆ, ದಸರೆಯ ಹೊತ್ತಿಗೆ ಇಬ್ಬರೂ ಅಲ್ಲಿಗೆ ಬಂದರು. ಮರದ ಗಾಳಿಗೆ ಚಂದ್ರಾಮನ ಕೆಮ್ಮು ಅರ್ಧ ಇಳಿದಿತ್ತು. ಬಾಗಿಲಲ್ಲಿ ಕೂತು ಹೆಂಡತಿಗೆ ಪೊರಕೆ ಕಟ್ಟಿಕೊಡುತ್ತಿದ್ದ. "ಗಣೀ ಗುಡಸಲದಾಗ ಇದ್ದಿದ್ರ ಈ ವರ್ಷ ನೋಡತಿದ್ದಿಲ್ಲ ಇಂವಾ" ಎಂದು ಅವನೆದುರೇ ಅನ್ನುವಳು. ಅವನು ಹೌದೆಂದು ತಲೆಯಾಡಿಸುವನು.

ಬೆಳಗ್ಗೆ ಓಡುವವರೂ ಬರುತ್ತಿದ್ದರು. ಕ್ಯಾನ್ವಾಸ್ ಬೂಟಿನ ಕಾಲೇಜು ಹುಡುಗರು ಧಡಧಡ ಇಳಿದು ಬಂದರೆ ಈಕೆ ಪೊರಕೆ ಅಡ್ಡ ಹಿಡಿಯುತ್ತಿದ್ದಳು.

"ಯಾರ ಮನಿ ಕೋಳಿ ಕದ್ದೀರ್ಯೋ? ಪೊಲೀಸ್ರು ಬೆನ್ನ ಹತ್ಯಾರೇನು?"

"ಕ್ಯಾ ಬೋಲ್ತಿ ಹೈ ಮೌಸಿ?"

"ಏನಿಲ್ಲ ಹೋಗ್ರೋ. ಅಲ್ಲೇ ಬೀಳಬ್ಯಾಡ್ರಿ, ಈಗಷ್ಟ ಗುಡಿಸೇನಿ."

ದಪ್ಪನೆಯ ಒಬ್ಬ ಸಿಂಧಿ ಶೇಠ್ ಉಸಿರು ಬಿಡುತ್ತ ಓಡುತ್ತಿದ್ದ. ಅವನು ದಾಟಿ ಹೋಗುವವರೆಗೆ ಕಾದು ನನಗೆ ಹೇಳುವಳು: "ಇಂವಾ ಓಡಿದ್ರ ಹಾದಿನ ಓಡತೈತ್ರಿ, ತಾ ಅಲ್ಲೇ ನಿಂತಿರತಾನ."

ಮಾರ್ಚ್ ತಿಂಗಳು ಬಂತು. ಮುತ್ತುಗದ ಮರಗಳು ಕೆಂಪಾದವು. ಒಂದು ದಿನ ಹೋದಾಗ ಸುಂದ್ರವ್ವ ಎಂದೂ ಇಲ್ಲದಂತೆ ಖೋಲಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ನಿನ್ನಿ ಸಾಹೇಬ್ರು ಬಂದಿದ್ರ್ರಿ ಬಾಯಾರ. ಹಾದಿ ನೋಡಿದ್ರು. 'ಹೊಳಿ ಆಲೀ, ಆತಾ ಬಸ್' ಅಂದ್ರು."

ಸಾಹೇಬರೆಂದರೆ ಮಂಡಳದ ಕಾರ್ಯದರ್ಶಿ ನಾಚಣೆ ಮಾಸ್ತರರು.

"ಅಂದ್ರ?" ಎಂದೆ.

"ಹಾದಿ ಹೊಳಿಗೆ ಬಂದು ಮುಟ್ಟೇತಿ, ಇನ್ನ ಸಾಕು, ಎರಡ ದಿನಾ ಆರಾಮ ಮಾಡು ಅಂತ. ಐದ ತಿಂಗಳದಾಗ ಮೊದಲನೇ ಸಲ ಒಂದು ಚಲೋ ಮಾತ ಅಂದ್ರು ನೋಡ್ರಿ. ಮತ್ತ 'ಖೋಲೀ ಖಾಲೀ' ಏನೋ ಅಂದ್ರು. ಖೋಲಿ ಖಾಲಿ ಐತಿ, ನೆಲದ ಮ್ಯಾಲ ಮಲಗತಾರ ಅಂತ ನೋಡಿರಬೇಕು. ಒಂದು ಕಾಟ್ ಕೊಡಸ್ತಾರೇನೋ ಅಂತ ಇವಂಗ ಹೇಳಾಕತ್ತಿದ್ದೆ."

ಚಂದ್ರಾಮ ಒಳಗಿನಿಂದ ಜಾಗ ತೋರಿಸಿದ. ಕಾಟ್ ಎಲ್ಲಿ ಹಾಕಬೇಕೆಂದು ಆಗಲೇ ಗುಡಿಸಿ ಇಟ್ಟಿದ್ದ.

ನನಗೆ ಮರಾಠಿ ಬರುತ್ತಿತ್ತು. ಮರಾಠಿಯಲ್ಲಿ ಅದು ಹೊಳೆಯ ಮಾತಲ್ಲ. ಹೋಳಿ ಹಬ್ಬ ಬಂತು, ಇನ್ನು ಸಾಕು, ಖೋಲಿ ಖಾಲಿ ಮಾಡಿ ಎಂದು ಹೇಳಿ ಹೋಗಿದ್ದರು ಅವರು. ಇವಳಿಗೆ ಆ ಹಬ್ಬ ಕಾಮನ ಹುಣ್ಣಿಮೆ. ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು.

ಇದನ್ನು ಅವಳಿಗೆ ಆಗಲೇ ಹೇಳಲಿಲ್ಲ. ಮೊದಲು ವಿಚಾರಿಸಿ ನೋಡಿದರಾಯಿತು ಎಂದುಕೊಂಡೆ. ಮರುದಿನ ಹತ್ತು ಗಂಟೆಗೆ ಮಗುವನ್ನು ಎತ್ತಿಕೊಂಡು ಸ್ಟೇಷನ್ನಿನ ಹತ್ತಿರದ ಮಂಡಳದ ಆಫೀಸಿಗೆ ಹೋದೆ. ನಾಚಣೆ ಮಾಸ್ತರರು ನಿವೃತ್ತ ಡ್ರಾಯಿಂಗ್ ಮಾಸ್ತರರು, ಸಭ್ಯರು. ಮಗುವಿಗೆ ಒಂದು ಬಿಸ್ಕೀಟು ಕೊಟ್ಟು, ದಪ್ಪ ಪುಸ್ತಕ ತೆಗೆದು ತೋರಿಸಿದರು. ದುಂಡು ಅಕ್ಷರದ ಮರಾಠಿಯಲ್ಲಿ ಬರೆದಿತ್ತು: ಸುಂದ್ರಾಬಾಯಿ, ಹಾದಿಯ ಕೆಲಸ, ಹೋಳಿಯವರೆಗೆ. ಕೆಳಗೆ ಹೆಬ್ಬೆಟ್ಟು.

"ಎರಡು ಸಲ ಕೇಳಿದೆ ಬಾಯಿ," ಎಂದರು ಮರಾಠಿಯಲ್ಲಿ. "ಕಧೀಪರ್ಯಂತ, ಯಾವಾಗಿನವರೆಗೆ ಮಾಡುತ್ತೀ ಎಂದು. ಎರಡು ಸಲವೂ 'ಹೋಳಿತನಕ' ಅಂದಳು. ಹೋಳಿಯಾದ ಮೇಲೆ ಬಿಸಿಲಿಗೆ ಅಲ್ಲಿ ನಡೆಯುವವರೂ ಕಡಿಮೆ. ನಮಗೂ ಸರಿಹೋಯಿತು."

ಅವಳು ಹೇಳಿದ್ದು ನದಿ, ಹಬ್ಬವಲ್ಲ ಎಂದು ಬಿಡಿಸಿ ಹೇಳಿದೆ. ನಮ್ಮ ಕಡೆ ಹೊಳೆಗೆ ಹೊಳಿ ಅನ್ನುತ್ತಾರೆ, ಒಕಾರ ಚೂರು ಎಳೆದರೆ ಹಬ್ಬ, ಎಳೆಯದಿದ್ದರೆ ನೀರು ಎಂದೆ. ಯಾವಾಗ ಎಂದು ನೀವು ಕೇಳಿದಿರಿ, ಎಲ್ಲಿಯವರೆಗೆ ಎಂದು ಅವಳು ಕೇಳಿಸಿಕೊಂಡಳು. ಅವರು ಕನ್ನಡಕ ತೆಗೆದು ಒರೆಸಿದರು. ನಾನು ಗೆಳತಿಗಾಗಿ ಕಥೆ ಕಟ್ಟುತ್ತಿದ್ದೇನೆ ಎನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಮಗಳು ಬಿಸ್ಕೀಟನ್ನೆಲ್ಲ ಪುಸ್ತಕದ ಮೇಲೆ ಉದುರಿಸಿದ್ದಳು. ನನಗೋ ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ. ಇನ್ನು ವಾದಿಸಲು ಕಸುವಿರಲಿಲ್ಲ.

"ನನ್ನ ಮಾತು ಬಿಡಿ, ಮಾಸ್ತರ. ನಾಳೆ ಬೆಳಗ್ಗೆ ಬನ್ನಿ. ಹೋಳಿ ಎಲ್ಲಿದೆ ಅಂತ ಅವಳನ್ನೇ ಕೇಳಿ. ನಾನು ಬಾಯಿ ತೆರೆಯೋದಿಲ್ಲ."

ಬಂದರು. ಕೊಡೆ ಊರಿಕೊಂಡು ಒಂದೂವರೆ ಮೈಲಿ ನಡೆದರು. ಸುಂದ್ರವ್ವ ನೀರಿನಂಚಿನ ಇಳಿಜಾರಿನಲ್ಲೇ ಸಿಕ್ಕಳು. ಆರಾಮ ಮಾಡು ಎಂದಿದ್ದರೂ ಎಲೆ ಬಿದ್ದದ್ದು ನೋಡಲಾರದೆ ಬಂದಿದ್ದಳಂತೆ. ಸಾಹೇಬರನ್ನು ಕಂಡು ಸೆರಗು ಹೊದ್ದು ನಿಂತಳು. ಕಾಟಿನ ಮಾತು ಬರುತ್ತದೆಂಬ ಆಸೆ ಮುಖದ ಮೇಲೆ ಹಾಗೇ ಇತ್ತು.

"ಸುಂದ್ರಾಬಾಯಿ, ಹೋಳಿ ಕುಠೇ ಆಹೇ?" ಎಂದು ಕೇಳಿದರು. ಹೋಳಿ ಎಲ್ಲಿದೆ?

ಕುಠೇ ಎನ್ನುವಷ್ಟು ಮರಾಠಿ ಆಕೆಗೆ ಬರುತ್ತಿತ್ತು. ಅವರನ್ನೊಮ್ಮೆ, ಅವರ ಕನ್ನಡಕವನ್ನೊಮ್ಮೆ ನೋಡಿದಳು. ಪೊರಕೆಯನ್ನು ಚಾಚಿ ನೀರನ್ನು ತೋರಿಸಿದಳು. ನನ್ನ ಕಡೆ ತಿರುಗಿ ಮೆಲ್ಲಗೆ, "ಸಾಹೇಬ್ರ ಕಣ್ಣ ಇಷ್ಟ್ಯಾಕ ಕೆಟ್ಟಾವ್ರಿ? ಇಷ್ಟ ದೊಡ್ಡ ಹೊಳಿ ಕಾಣವಲ್ದಲ್ಲ! ಕೈ ಹಿಡಕೊಂಡ ಇಳಸ್ರಿ, ಬಿದ್ದಾರು" ಅಂದಳು.

ನಾಚಣೆ ಮಾಸ್ತರರು ಪೊರಕೆ ತೋರಿಸಿದ ಕಡೆ ನೋಡಿದರು. ಆಮೇಲೆ ಕೊಡೆಯನ್ನು ಬಂಡೆಗೆ ಒರಗಿಸಿ, "ನನ್ನದೇ ತಪ್ಪು" ಎಂದರು. ಚೀಲದಿಂದ ಪುಸ್ತಕ ತೆಗೆದು ಅಲ್ಲೇ ಹೋಳಿ ಎಂಬುದನ್ನು ಹೊಡೆದುಹಾಕಿ ನದಿ ಎಂದು ಬರೆದರು. "ಈಗ ಯಾವಾಗಿನವರೆಗೆ ಅಂತ ಕೇಳಿ. ಈ ಸಲ ನೀವೇ ಕೇಳಿ."

"ಸುಂದ್ರವ್ವಾ, ಎಲ್ಲೀತನಕ ಅಂತಲ್ಲ, ಎಷ್ಟ ದಿನಾ ಈ ಕೆಲಸ ಮಾಡ್ತಿ ಅಂತ ಕೇಳ್ತಾರ."

"ಕಾಲ ಇರೂತನಕ ಅಂತ ಹೇಳ್ರಿ."

ಕಾಲವೋ, ಕಾಲೋ? ನಾನು ಒಂದು ಗಳಿಗೆ ತಡೆದೆ. ಮಣ್ಣು ಹತ್ತಿದ, ಹಿಮ್ಮಡಿ ಬಿರಿದ ಅವಳ ಪಾದ ನೋಡಿ, ಕಾಲು ಗಟ್ಟಿ ಇರುವವರೆಗೆ ಎಂದೇ ಮರಾಠಿಯಲ್ಲಿ ಹೇಳಿದೆ. ಅವರು ಅದನ್ನು ಹಾಗೆಯೇ ಬರೆದುಕೊಂಡು, ಖೋಲಿಯೂ ಅಲ್ಲಿಯವರೆಗೆ ಅವಳದೇ ಎಂದರು. ಕೊಡೆ ಎತ್ತಿಕೊಂಡು, ಬಂದದ್ದಕ್ಕಿಂತ ನಿಧಾನವಾಗಿ ಏರು ಹತ್ತಿ ಹೋದರು.

ಅವರು ಮರೆಯಾದ ಮೇಲೆ ಸುಂದ್ರವ್ವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಹೇಳದೆ ಬಿಟ್ಟಿದ್ದರೆ ಕಾಟಿನ ಆಸೆ ಹೊತ್ತುಕೊಂಡೇ ಇರುತ್ತಿದ್ದಳು. ಕೇಳುತ್ತ ಕೇಳುತ್ತ ಆಕೆ ಕಲ್ಲಿನ ಮೇಲೆ ಕೂತಳು. ಖೋಲಿ ಹೋಗುತ್ತಿತ್ತು ಎಂದಾಗ ಕೈ ತಾನಾಗಿಯೇ ಎದೆಗೆ ಹೋಯಿತು. ಆಕೆ ಮುಟ್ಟಿಕೊಂಡದ್ದು ತನ್ನೆದೆಯಾದರೂ ನೆನೆದದ್ದು ಚಂದ್ರಾಮನದು. ಈಗ ಭಯವಿಲ್ಲ ಎಂದಾಗ ನನ್ನ ಮಗಳನ್ನು ತೊಡೆಗೆ ತೆಗೆದುಕೊಂಡಳು.

"ಹಂಗಾದ್ರ ಬಾಯಾರ," ಎಂದಳು, "ಎರಡ ದಿನಾ ಆರಾಮ ಮಾಡು ಅಂತ ಅವ್ರು ಅಂದೇ ಇದ್ದಿಲ್ಲಾ?"

"ಇಲ್ಲ."

"ಕಾಟೂ ಇಲ್ಲ."

"ಅದೂ ಇಲ್ಲ."

"ಇಂವಾ ಜಾಗಾ ಮಾಡಿಟ್ಟಾನ..." ಎಂದು ಒಂದು ಚೂರು ನಕ್ಕಳು. ಮಗುವನ್ನು ನನ್ನ ಕೈಗೆ ಕೊಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ನಾವು ಮಾತಾಡುತ್ತಿದ್ದಷ್ಟು ಹೊತ್ತಿಗೇ ಇಳಿಜಾರಿನ ತುಂಬ ಎಲೆ ಬಿದ್ದಿತ್ತು. ಮೇಲೆ ಎಲ್ಲೋ ಹುಡುಗರು ಓಡಿ ಬರುವ ಸದ್ದು ಕೇಳುತ್ತಿತ್ತು. ಅವರು ಇಳಿಯುವುದರೊಳಗೆ ಗುಡಿಸಬೇಕೆಂದು ಬಾಗಿದಳು.