ರತ್ನಮ್ಮ ನೆಟ್ಟ ಭತ್ತ

ಈ ಸಲ ಅಕ್ಕಿ ಮೂಟೆ ಕಳಿಸಲು ಯಾರೂ ಸಿಗುತ್ತಿಲ್ಲ, ನೀನೇ ಬಂದು ತಗೊಂಡು ಹೋಗಕ್ಕ ಎಂದು ತಮ್ಮ ವೆಂಕಟೇಶ ಫೋನ್ ಮಾಡಿದ್ದ. ಅವನಿರುವುದು ಶ್ರೀನಿವಾಸಪುರದ ಆಚೆಯ ಹಳ್ಳಿಯಲ್ಲಿ. ಹೋಗದೆ ವಿಧಿಯಿಲ್ಲದೆ ಬೆಳಿಗ್ಗೆ ಏಳಕ್ಕೆ ಮಾಲೂರಿನಲ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಸೀಟೂ ಇಲ್ಲ. ಇಟ್ಟಿಗೆ ಗೂಡುಗಳ ಧೂಳು ಕುಡಿಯುತ್ತಾ ಕೋಲಾರದವರೆಗೆ ನಿಂತೇ ಹೋದೆ. ಅಲ್ಲಿ ಎರಡು ಇಡ್ಲಿ, ತಣ್ಣಗಾದ ಸಾಂಬಾರು. ಶ್ರೀನಿವಾಸಪುರದ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಅಲ್ಲಿಂದ ಮುಂದೆ ಶೇರ್ ಆಟೋ, ಮೂವತ್ತು ರೂಪಾಯಿ. ಜನವರಿಯಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು.

ಇಳಿದಾಗ ತಮ್ಮನ ಪಂಪ್‌ಸೆಟ್ ಬಳಿ ಪಕ್ಕದ ಹೊಲದ ರತ್ನಮ್ಮ ಬಿಂದಿಗೆ ಹಿಡಿದು ನಿಂತಿದ್ದಳು. ಎರಡು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವವಳು.

“ನಿಮ್ಮ ಬೋರಿಗೆ ಏನಾಯ್ತು?” ಎಂದೆ.

“ಬತ್ತೋಯ್ತಕ್ಕ. ನಿಮ್ಮ ತಮ್ಮ ಹೊಸಾ ಬೋರು ಆಳಕ್ಕೆ ಕೊರ್ಸಿ ಭತ್ತಕ್ಕೆ ಒಂದೇ ಸಮ ನೀರು ಬಿಟ್ರು. ದೀಪಾವಳಿ ಹೊತ್ಗೆ ನಮ್ದು ಬರೀ ಗಾಳಿ ಊದ್ತು. ಮೇವಿಲ್ಲ. ಒಂದು ಹಸೂನ ಬುಧವಾರ ಸಂತೇಲಿ ಮಾರ್ಬೇಕು. ಏಂ ಚೇಸೇದಿ?”

ಏನು ಮಾಡೋದು ಎಂಬುದನ್ನು ತೆಲುಗಿನಲ್ಲಿ ಕೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಅಲ್ಲಿ ನಾಟಿಗೆ ಮುಯ್ಯಾಳು ಪದ್ಧತಿ. ನೀವು ನಮ್ಮ ಗದ್ದೆಗೆ ಒಂದು ದಿನ ಬಂದರೆ ನಾವು ನಿಮ್ಮ ಹೊಲಕ್ಕೆ ಒಂದು ದಿನ ಬರಬೇಕು, ಕೂಲಿಯಿಲ್ಲ. ಈ ಭತ್ತವನ್ನು ಮೂರು ದಿನ ಬಗ್ಗಿ ನೆಟ್ಟವಳೂ ರತ್ನಮ್ಮನೇ. ಬದಲಿಗೆ ಆಕೆಯ ಟೊಮೆಟೊ ನಾಟಿಗೆ ತಮ್ಮನ ಮನೆಯವರು ಹೋಗಬೇಕಿತ್ತು. ಹೋಗಿದ್ರಾ ಎಂದು ಊಟಕ್ಕೆ ಕೂತಾಗ ತಮ್ಮನನ್ನು ಕೇಳಿದೆ.

“ಕರೀಲೇ ಇಲ್ವಲ್ಲಕ್ಕ. ನೀರಿದ್ರೆ ತಾನೆ ಟಮಾಟ ಇಡೋದು?” ಎಂದ ವೆಂಕಟೇಶ, ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ.

ಮೈ ಉರಿಯಿತು. “ಹಾಗಾದ್ರೆ ಬೇಸಿಗೆಗೆ ನೀನು ನೀರು ಕಮ್ಮಿ ಕುಡಿಯೋ ರಾಗಿ ಹಾಕೋ.”

“ಹಾಕ್ತೀನಿ. ನಿಂಗೊಂದು ಮೂಟೆ, ಅಣ್ಣಂಗೊಂದು, ಚಿಕ್ಕಮ್ಮಂಗೊಂದು, ಎಲ್ರಿಗೂ ಮನೆ ಅಕ್ಕೀನೇ ಬೇಕು. ಯಾರಾದ್ರೂ ಒಂದಿನ ರಾಗಿ ಕಳ್ಸು ಅಂದಿದ್ದೀರೇನು?”

ಪ್ರತಿ ವರ್ಷ ಸಂಕ್ರಾಂತಿಗೆ ಮುಂಚೆ ಅಕ್ಕಿಗಾಗಿ ಫೋನ್ ಮಾಡುವವಳು ನಾನೇ. ಅಂಗಡಿ ಅಕ್ಕಿ ನನಗೆ ಒಗ್ಗುವುದಿಲ್ಲ ಎಂದು ಬೀದಿಯಲ್ಲೆಲ್ಲ ಜಂಭ ಕೊಚ್ಚಿಕೊಂಡಿದ್ದೇನೆ. ನಾಚಿಕೆಯಾಯಿತು.

“ಈ ಸಲ ನಂಗೆ ಬೇಡ ಕಣೋ,” ಎಂದೆ ಕೊನೆಗೆ.

“ಬೇಡ ಅಂದ್ರೆ ಅಕ್ಕಿ ವಾಪಸ್ ನೀರಾಗ್ತದಾ?” ಎಂದು ಅವನು ಮೂಟೆಯನ್ನು ರಸ್ತೆಗೆ ಹೊತ್ತು ತಂದೇಬಿಟ್ಟ.

ನಾಲ್ಕಕ್ಕೆ ಕೋಲಾರದ ಬಸ್ಸು ಬಂತು. ಮೂಟೆ ಎತ್ತಿಸಲು ಓಡಿ ಬಂದದ್ದು ರತ್ನಮ್ಮ.

“ತಗೊಂಡ್ಹೋಗಿ ಅಕ್ಕ. ನಾನೇ ನೆಟ್ಟಿದ್ದು, ಅನ್ನ ಚೆನ್ನಾಗಾಗ್ತದೆ.”

“ಬುಧವಾರ ಸಂತೆಗೆ ಹೋಗ್ಲೇಬೇಕಾ?”

“ನಾನೆಲ್ಲಿ ಹೋಗ್ಲಿ? ಹಸೂನ ನಮ್ಮೆಜಮಾನ್ರು ಹೊಡ್ಕೊಂಡು ಹೋಗ್ತಾರೆ. ಅವತ್ತು ನಿಮ್ಮ ತಮ್ಮಂದು ಬೇಸಿಗೆ ಭತ್ತದ ನಾಟಿ. ಈ ಸಲ ಮುಯ್ಯಿ ಅಲ್ಲ, ಕೂಲಿಗೆ ಕರ್ದವ್ರೆ.”

ವೆಂಕಟೇಶನ ಮುಖ ನೋಡಿದೆ. ಅವನು ಮೂಟೆಯ ದಾರ ಬಿಗಿಯುತ್ತಿದ್ದ. ಕಂಡಕ್ಟರ್ ಸೀಟಿ ಊದಿದ. ಮೂಟೆ ಸೀಟಿನ ಕೆಳಗೆ ಹಿಡಿಯದೆ ನನ್ನ ಮುಂದೆಯೇ ಉಳಿಯಿತು. ಅದಕ್ಕೆ ಕಾಲು ತಾಗಬಾರದೆಂದು ಕೋಲಾರದವರೆಗೂ ಕಾಲು ಮಡಚಿಕೊಂಡೇ ಕೂತಿದ್ದೆ.