ದೊಡ್ಡಮ್ಮನ ಬೇಸಿನ್, ಆಮೆಮರಿಯ ಸಕ್ಕರೆ

“ರೇಷ್ಮೆಗೂಡು ಬೇಯಿಸೋ ಮನೆಯವಳು ನೀನು. ಇದು ನಾಜೂಕಿನ ಕೆಲ್ಸ, ನಿನ್ನ ಕೈಲಾಗಲ್ಲಮ್ಮ,” ಎಂದಿದ್ದರು ಕಾಲೇಜಿನಲ್ಲಿ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು. ಮೊನ್ನೆ ಶಿಡ್ಲಘಟ್ಟದಲ್ಲಿ ಬಸ್ಸಿಳಿದಾಗ ರೇಷ್ಮೆಗೂಡು ಬೇಯುವ ವಾಸನೆ ಬಂತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಅದು ನನ್ನ ದೊಡ್ಡಮ್ಮನ ಸೀರೆಯ ವಾಸನೆ...

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಬೆಳೆಯುತ್ತಿರುವ ಕಡಲಾಮೆ ಮರಿಯ ಮೂತ್ರಪಿಂಡದಲ್ಲಿ, ಅದಕ್ಕಂಟಿದ ಜನನಾಂಗದಲ್ಲಿ ಸಕ್ಕರೆಯಂಥ ಪದಾರ್ಥ ಎಲ್ಲೆಲ್ಲಿದೆ ಎಂದು ನೋಡುವುದು ನನ್ನ ಎಂಎಸ್ಸಿ ಪ್ರಾಜೆಕ್ಟ್. ಸತ್ತ ಮರಿಯ ಅಂಗವನ್ನು ಮೇಣದಲ್ಲಿ ಹುದುಗಿಸಿ, ತೆಳ್ಳನೆಯ ಪಟ್ಟಿಯಾಗಿ ಕೊಯ್ದು, ಅದನ್ನು ಬೆಚ್ಚನೆಯ ನೀರಿನಲ್ಲಿ ತೇಲಿಸಿ ಗಾಜಿಗೆ ಎತ್ತಿಕೊಳ್ಳಬೇಕು. ಆಮೇಲೆ ಬಣ್ಣ ಹಾಕಿದರೆ ಸಕ್ಕರೆಯಿದ್ದ ಕಡೆ ಕಡುಗುಲಾಬಿ. ಲ್ಯಾಬಿನ ಥರ್ಮಾಮೀಟರ್ ಒಡೆದಿತ್ತು, ನೀರಿನ ಬಿಸಿಯನ್ನು ಬೆರಳದ್ದಿಯೇ ನೋಡುತ್ತಿದ್ದೆವು. ನನ್ನ ಪಟ್ಟಿಗಳು ಮಾತ್ರ ನೀರಿಗೆ ಬಿದ್ದೊಡನೆ ಮೇಣ ಕರಗಿ ಚದುರುತ್ತಿದ್ದವು. ಕೊನೆಗೆ ಮೇಣದಲ್ಲಿಟ್ಟ ಅಂಗದ ಒಂದೇ ತುಂಡು ಉಳಿಯಿತು. ಅದೂ ಹೋದರೆ ಡಿಗ್ರಿ ಇಲ್ಲ.

ಊರಿಗೆ ಬಂದು ದೊಡ್ಡಮ್ಮನ ಪಕ್ಕ ಕೂತು ಎಲ್ಲ ಹೇಳಿಕೊಂಡು ಅತ್ತೆ. ಅವಳು ಗೂಡು ತೇಲುವ ಬಿಸಿನೀರಿನ ಬೇಸಿನ್ನಿನಿಂದ ರೇಷ್ಮೆ ನೂಲಿನ ತುದಿ ಎತ್ತುತ್ತಲೇ ಇದ್ದಳು.

“ಆಮೆ ಹೊಟ್ಟೇಲಿ ಸಕ್ಕರೆ ಹುಡುಕ್ತೀಯೇನೇ? ಸಿಕ್ರೆ ಒಂದಿಷ್ಟು ತಗೊಂಬಾ, ಕಾಫಿಗಿಲ್ಲ.”

“ತಮಾಷೆ ಬೇಡ ದೊಡ್ಡಮ್ಮ. ನೀರು ಬೆಚ್ಚಗೇ ಇರತ್ತೆ, ಆದ್ರೂ ಕರಗತ್ತೆ.”

“ಯಾರ್ ಕೈಗೆ ಬೆಚ್ಚಗೆ? ಚಿಕ್ಕೋಳಿದ್ದಾಗಿಂದ ಈ ಬೇಸಿನ್ನಿಗೆ ಕೈ ಹಾಕ್ದೋಳು ನೀನು. ನಿನ್ ಬೆರಳಿಗೆ ಬೆಚ್ಚಗಂದ್ರೆ ಊರಿಗೆಲ್ಲಾ ಸುಡೋ ನೀರು ಕಣೇ! ಮಗೂಗೆ ನೀರು ಹೊಯ್ಯೋವಾಗ ನೋಡ್ತಾರಲ್ಲ, ಹಂಗೆ ಮೊಣಕೈ ಇಟ್ಟು ನೋಡು. ಪಟ್ಟಿ ಎತ್ತಕ್ಕೆ ಮಾತ್ರ ಈ ಬೆರಳೇ ಬೇಕು. ಎಳೀಬೇಡ, ಅದಾಗೇ ಬರ್ಲಿ.”

ಸೋಮವಾರ ಲ್ಯಾಬಿನಲ್ಲಿ ತೋಳು ಮಡಚಿ ನೀರಿಗೆ ಮೊಣಕೈ ಇಟ್ಟೆ. ಜೊತೆಯವರು ನಕ್ಕರು. ನಗಲಿ. ಮೊಣಕೈಗೆ ಸುಟ್ಟಿತು; ತಣ್ಣೀರು ಬೆರೆಸಿದೆ. ಈಗ ಪಟ್ಟಿ ಸುಕ್ಕಿಲ್ಲದೆ ಹರಡಿತು, ಗಾಜಿಗೆ ಹರಿಯದೆ ಬಂತು. ಬಣ್ಣ ಹಾಕಿದಾಗ ಮೂತ್ರಪಿಂಡದ ನಾಳಗಳ ಅಂಚಿಗೆ ಗುಲಾಬಿ, ಪಕ್ಕದ ಜನನಾಂಗದ ಕೆಲವೇ ಜೀವಕೋಶಗಳಲ್ಲಿ ಗುಲಾಬಿ. ಮೇಷ್ಟ್ರು ಸೂಕ್ಷ್ಮದರ್ಶಕದಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಪ್ರಾಜೆಕ್ಟ್ ವರದಿಯ ಕೃತಜ್ಞತೆಯ ಪುಟದಲ್ಲಿ ದೊಡ್ಡಮ್ಮನ ಹೆಸರನ್ನು ಮೊದಲು ಬರೆದೆ. “ಇದೆಲ್ಲ ಯಾಕೆ?” ಎಂದರು ಮೇಷ್ಟ್ರು. ನಾನು ತೆಗೆಯಲಿಲ್ಲ. ಇವತ್ತಿಗೂ ಅದು ಹಾಗೇ ಇದೆ.

ದೊಡ್ಡಮ್ಮ ಇಲ್ಲ. ಘಟಿಕೋತ್ಸವಕ್ಕೆ ಮೂರು ತಿಂಗಳು ಮುಂಚೆಯೇ ಹೋಗಿಬಿಟ್ಟಳು... ಅವಳಿಂದ ಕಲಿಯುವುದು ಇನ್ನೂ ಇತ್ತು. ಪ್ರಮಾಣಪತ್ರ ತಂದು ದೊಡ್ಡಪ್ಪನ ಕೈಗಿಟ್ಟೆ. ಅವರಿಗೂ ಓದಲು ಬಾರದು. ತಿರುಗಿಸಿ ನೋಡಿ, ಚಪ್ಪಲಿ ಮೆಟ್ಟಿ ಎದ್ದು ನಿಂತರು.

“ಅವ್ಳಿದ್ದಿದ್ರೆ ಇದನ್ನ ಬೀದಿಗೆಲ್ಲಾ ತೋರಿಸ್ಕೊಂಡ್ ಬರ್ತಿದ್ಲು. ಇರಮ್ಮ, ನಾನೇ ಹೋಗ್ಬರ್ತೀನಿ.”